ವೃದ್ಧಾಪ್ಯದ ಮರೆವು ಮತ್ತು ಬುದ್ಧಿಯ ಹಗೇವು

‘ಅರುವತ್ತಕ್ಕೆ ಅರಳು ಮರಳು’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಆಡಿಯೂ ಇದ್ದೇವೆ. ಮನೆಯ ಹಿರಿಯರು ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿದರೆ ನಗುತ್ತೇವೆ. ಕೇಳಿದ್ದನ್ನೇ ಎರಡನೆಯ ಸಲ ಕೇಳಿದರೆ ಸಿಡುಕುತ್ತೇವೆ. ವಯಸ್ಸಾಯಿತು, ಇನ್ನೇನು ನಿರೀಕ್ಷಿಸುವುದು ಎಂದು ಕೈ ಚೆಲ್ಲುತ್ತೇವೆ. ಆದರೆ ಪ್ರಿಯ ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ಅದೇ ಬೀದಿಯಲ್ಲಿ ಎಂಭತ್ತೈದು ದಾಟಿದ ಇನ್ನೊಬ್ಬರು ಮೊಮ್ಮಕ್ಕಳ ಹೆಸರು, ಮೂರು ತಲೆಮಾರಿನ ಸಂಬಂಧ, ಹೊಲದ ಲೆಕ್ಕ ಎಲ್ಲವನ್ನೂ ತಪ್ಪದೆ ಹೇಳುತ್ತಿರುತ್ತಾರೆ. ಅವರಿಗೂ ವಯಸ್ಸಾಗಿದೆಯಲ್ಲವೇ? ಮುಪ್ಪು ಇಬ್ಬರಿಗೂ ಒಂದೇ ಆಗಿರುವಾಗ ನೆನಪು ಒಬ್ಬರನ್ನು ಬಿಟ್ಟು ಹೋಗಿ ಇನ್ನೊಬ್ಬರಲ್ಲಿ ಉಳಿಯುವುದೇಕೆ?

ಈ ಪ್ರಶ್ನೆಗೆ ವೈದ್ಯವಿಜ್ಞಾನ ಕಳೆದ ನಾಲ್ಕು ದಶಕಗಳಲ್ಲಿ ಕಂಡುಕೊಂಡಿರುವ ಉತ್ತರದ ಒಂದು ಭಾಗ ನಮ್ಮ ಕೈಯಲ್ಲೇ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಂದೆ ತಾಯಿಯರನ್ನು, ಅತ್ತೆ ಮಾವಂದಿರನ್ನು ನೋಡಿಕೊಳ್ಳುತ್ತಿರುವ ಪ್ರತಿಯೊಂದು ಕುಟುಂಬವೂ ಅದನ್ನು ತಿಳಿದಿರಬೇಕಾದುದು ಅಗತ್ಯ.

ಎಲ್ಲ ಮರೆವೂ ರೋಗವಲ್ಲ

ವಯಸ್ಸಾದಂತೆ ನೆನಪಿನ ಎಲ್ಲ ಭಾಗಗಳೂ ಒಂದೇ ಸಮನೆ ಸವೆಯುವುದಿಲ್ಲ. ನಿನ್ನೆ ಯಾರು ಬಂದಿದ್ದರು, ಏನು ಹೇಳಿದರು ಎಂಬ ಹೊಸ ನೆನಪು ಸ್ವಲ್ಪ ಮಂದವಾಗುತ್ತದೆ. ಪರಿಚಿತರ ಹೆಸರು ನಾಲಗೆಯ ತುದಿಯಲ್ಲೇ ನಿಂತು ತಡವಾಗಿ ಹೊರಬರುತ್ತದೆ. ಒಂದೇ ಕಾಲಕ್ಕೆ ಎರಡು ಕೆಲಸ ಮಾಡುವುದು ಕಷ್ಟವಾಗುತ್ತದೆ. ಆದರೆ ಶಬ್ದ ಸಂಪತ್ತು, ಕಲಿತ ಕೈಕೆಲಸ, ಬದುಕಿನ ಅನುಭವದಿಂದ ಬಂದ ವಿವೇಕ ಬಹುಕಾಲ ಉಳಿಯುತ್ತವೆ. ಹೊಲಿಗೆ ಕಲಿತವರ ಕೈ ಎಂಭತ್ತರಲ್ಲೂ ದಾರವನ್ನು ಮರೆಯುವುದಿಲ್ಲ. ಹೆಸರು ಮರೆತವರಿಗೆ ಮೊದಲ ಅಕ್ಷರ ನೆನಪಿಸಿದರೆ ಉಳಿದುದು ತಾನಾಗಿ ಬರುತ್ತದೆ. ಇದು ಸಹಜ ಮರೆವು.

ರೋಗದ ಮರೆವು ಬೇರೆಯೇ ರೀತಿಯದು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಸಹಜ. ಕನ್ನಡಕ ಯಾತಕ್ಕೆಂದೇ ತಿಳಿಯದಿರುವುದು ಸಹಜವಲ್ಲ. ಸಂತೆಯಿಂದ ಒಂದು ಸಾಮಾನು ತರಲು ಮರೆಯುವುದು ಸಹಜ. ನಲುವತ್ತು ವರ್ಷ ನಡೆದ ಸಂತೆಯ ದಾರಿಯಲ್ಲೇ ಮನೆ ಕಾಣದೆ ನಿಲ್ಲುವುದು ಸಹಜವಲ್ಲ. ಇದನ್ನೇ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಆಲ್ಝೈಮರ್ ಕಾಯಿಲೆ ಇದರ ಅತಿ ಸಾಮಾನ್ಯ ಕಾರಣ. ಮೆದುಳಿನ ಸಣ್ಣ ರಕ್ತನಾಳಗಳು ಕೆಡುವುದು ಇನ್ನೊಂದು ಕಾರಣ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು.

ಈ ಅಂಕಿಯನ್ನು ತಿರುಗಿಸಿ ಓದಿದರೆ, ಅರುವತ್ತು ದಾಟಿದ ನೂರು ಮಂದಿಯಲ್ಲಿ 92 ಮಂದಿಗಿಂತಲೂ ಹೆಚ್ಚು ಜನರಿಗೆ ಈ ಕಾಯಿಲೆ ಇಲ್ಲ. ಅರಳು ಮರಳು ಎಂಬುದು ಅರುವತ್ತರ ನಿಯಮವಲ್ಲ.

ಬುದ್ಧಿಯ ಹಗೇವು

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಈ ಭಾಗದ ರೈತರಿಗೆ ವಿವರಿಸಬೇಕಾಗಿಲ್ಲ. ನೆಲದಡಿಯ ಕಣಜ ತುಂಬಿದ್ದ ಮನೆ ಮಳೆ ಕೈಕೊಟ್ಟ ವರ್ಷವೂ ಉಣ್ಣುತ್ತಿತ್ತು. ಹಗೇವು ಬರಿದಾಗಿದ್ದ ಮನೆಗೆ ಅದೇ ಬರ ಮೊದಲ ತಿಂಗಳಲ್ಲೇ ತಟ್ಟುತ್ತಿತ್ತು. ಬರ ಒಂದೇ, ತಡೆದುಕೊಳ್ಳುವ ಶಕ್ತಿ ಬೇರೆ ಬೇರೆ. ಮೆದುಳಿಗೂ ಇಂಥದೊಂದು ಹಗೇವು ಇದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಬುದ್ಧಿಯ ಮೀಸಲು ಎಂದು ಕರೆಯೋಣ.

ಇದು ತಿಳಿದು ಬಂದ ಬಗೆ ಸ್ವಾರಸ್ಯಕರವಾದುದು. 1988ರಲ್ಲಿ ಅಮೇರಿಕದ ರಾಬರ್ಟ್ ಕಾಟ್ಜ್‌ಮನ್ ಎಂಬ ವೈದ್ಯರು ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದು ಮರಣ ಹೊಂದಿದ 137 ಮಂದಿಯ ಮೆದುಳನ್ನು ಪರೀಕ್ಷಿಸಿದರು. ಅವರಲ್ಲಿ ಕೆಲವರ ಮೆದುಳಿನ ತುಂಬ ಆಲ್ಝೈಮರ್ ಕಾಯಿಲೆಯ ಗುರುತುಗಳಿದ್ದವು. ಆದರೆ ಬದುಕಿದ್ದಾಗ ಅವರ ಬುದ್ಧಿ, ನೆನಪು ಎರಡೂ ಚೆನ್ನಾಗಿದ್ದವು. ಡೇವಿಡ್ ಸ್ನೋಡನ್ ಎಂಬ ಇನ್ನೊಬ್ಬ ಸಂಶೋಧಕರು 1986ರಿಂದ ಅದೇ ದೇಶದ 678 ಕ್ರೈಸ್ತ ಸನ್ಯಾಸಿನಿಯರನ್ನು ವರ್ಷಗಳ ಕಾಲ ಪರೀಕ್ಷಿಸುತ್ತಾ ಬಂದರು. ಅವರಲ್ಲಿ ನೂರು ದಾಟಿ ಬದುಕಿದ ಒಬ್ಬ ಸೋದರಿ ಕೊನೆಯವರೆಗೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದಿದ್ದರು. ಮರಣಾನಂತರ ನೋಡಿದಾಗ ಅವರ ಮೆದುಳಿನಲ್ಲಿ ಕಾಯಿಲೆ ಧಾರಾಳವಾಗಿ ಹರಡಿತ್ತು! ಕಾಯಿಲೆ ಇತ್ತು, ಆದರೆ ಅದು ಹೊರಗೆ ಕಾಣಿಸಿಕೊಳ್ಳಲೇ ಇಲ್ಲ.

ಇದು ಹೇಗೆ ಸಾಧ್ಯ? ಅರಕಲಗೂಡಿನಿಂದ ಹಾಸನಕ್ಕೆ ಗೊರೂರಿನ ದಾರಿಯೊಂದನ್ನೇ ಬಲ್ಲವನು ಆ ದಾರಿ ಕಟ್ಟಿದ ದಿನ ಅಲ್ಲೇ ಉಳಿಯುತ್ತಾನೆ. ಹೊಳೆನರಸೀಪುರದ ಮೂಲಕ ಸುತ್ತಿ ಹೋಗಲು ಬಲ್ಲವನು ತಡವಾಗಿಯಾದರೂ ಹಾಸನ ತಲಪುತ್ತಾನೆ. ಕಲಿತ ಪ್ರತಿಯೊಂದು ಭಾಷೆ, ಕೌಶಲ, ಲೆಕ್ಕ, ಸಂಬಂಧ ಮೆದುಳಿನಲ್ಲಿ ಒಂದೊಂದು ದಾರಿಯನ್ನು ತೆರೆಯುತ್ತದೆ. ಒಂದು ಕೆಟ್ಟಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ನ್ಯೂಯಾರ್ಕಿನ ಯಾಕೊವ್ ಸ್ಟರ್ನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 60 ದಾಟಿದ 593 ಮಂದಿಯನ್ನು ಕೆಲವು ವರ್ಷ ಗಮನಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಶಾಲೆ ಕಲಿತವರಿಗಿಂತ ಕಡಿಮೆ ಕಲಿತವರಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಸುಮಾರು ಎರಡು ಪಟ್ಟು ಇತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಹಗೇವು ಬರವನ್ನು ನಿಲ್ಲಿಸುವುದಿಲ್ಲ, ಅದರ ಪೆಟ್ಟನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೆ. ಮೀಸಲು ಹೆಚ್ಚಿದ್ದವರಲ್ಲಿ ರೋಗ ತಡವಾಗಿ ಹೊರಬೀಳುತ್ತದೆ. ಆದರೆ ಹೊರಬಿದ್ದ ಮೇಲೆ ಇಳಿತ ವೇಗವಾಗಿರುತ್ತದೆಂದು ಅನೇಕ ಅಧ್ಯಯನಗಳು ಕಂಡಿವೆ. ಅಷ್ಟರಲ್ಲಾಗಲೇ ಕಾಯಿಲೆ ಒಳಗೆ ಬಹಳ ಮುಂದುವರಿದಿರುವುದೇ ಇದಕ್ಕೆ ಕಾರಣ. ಆದ್ದರಿಂದ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೋ ಚೆನ್ನಾಗಿ ಓದಿದವರೋ ಇದ್ದರೆ, ‘ಅವರಿಗೇನಾಗುತ್ತದೆ’ ಎಂದು ನೀವು ನಿಶ್ಚಿಂತರಾಗಬಾರದು. ಅವರಲ್ಲಿ ಕಾಣುವ ಸಣ್ಣ ಬದಲಾವಣೆಗೂ ಮಹತ್ವವಿದೆ.

ಶಾಲೆ ಕಾಣದವರ ಮೀಸಲು

ಹಾಗಾದರೆ ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಾಯಂದಿರ, ಅಜ್ಜಿಯರ ಗತಿಯೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1951ರ ಜನಗಣತಿಯ ಪ್ರಕಾರ ಭಾರತದ ಸ್ತ್ರೀಯರಲ್ಲಿ ಓದು ಬರಹ ಬಲ್ಲವರು ಶೇ. 9ರಷ್ಟೂ ಇರಲಿಲ್ಲ. ಇಂದು 75 ವರ್ಷದ ಆಸುಪಾಸಿನಲ್ಲಿರುವವರು ಹುಟ್ಟಿದ ಕಾಲ ಅದು. ಅಕ್ಷರ ಸಿಗದೇ ಹೋದುದು ಅವರ ತಪ್ಪಲ್ಲ.

ಆದರೆ ಬುದ್ಧಿಯ ಹಗೇವಿಗೆ ಶಾಲೆಯೊಂದೇ ಬಾಗಿಲಲ್ಲ. ಇದಕ್ಕೆ ನಮ್ಮ ಪಕ್ಕದ ಹೈದರಾಬಾದಿನಿಂದಲೇ ಸಾಕ್ಷ್ಯವಿದೆ. ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ ಇದ್ದ 648 ಮಂದಿಯ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುತ್ತಿದ್ದವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುತ್ತಿದ್ದವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ವ್ಯತ್ಯಾಸ ಅಕ್ಷರ ಬಾರದವರಲ್ಲೂ ಕಂಡುಬಂತು. ಬೇರೆ ದೇಶಗಳಲ್ಲಿ ನಡೆದ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ನೀಡಿಲ್ಲವೆಂಬುದು ನಿಜ. ಆದರೂ ಎರಡು ಭಾಷೆಗಳನ್ನು ದಿನವೂ ಬಳಸುವವನ ಮೆದುಳು ಒಂದನ್ನು ತಡೆದು ಇನ್ನೊಂದನ್ನು ಆರಿಸುವ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತಿರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಈಗ ನಮ್ಮ ಊರುಗಳನ್ನು ನೋಡಿ. ಹಾಸನದ ಮುಸ್ಲಿಮ್ ಮನೆಗಳಲ್ಲಿ ಅಡುಗೆಮನೆಯ ಮಾತು ಉರ್ದು, ಅಂಗಡಿಯ ಮಾತು ಕನ್ನಡ. ಸಕಲೇಶಪುರದ ಕಡೆಯಿಂದ ಬಂದವರಲ್ಲಿ ಬ್ಯಾರಿ ಭಾಷೆಯಾಡುವವರಿದ್ದಾರೆ. ಅರಕಲಗೂಡು ತಾಲೂಕಿನಲ್ಲಿ ಮನೆಯೊಳಗೆ ಸಂಕೇತಿ ಭಾಷೆ, ಹೊರಗೆ ಕನ್ನಡ ಆಡುವ ಕುಟುಂಬಗಳಿವೆ. ತಮಿಳು, ತೆಲುಗು ಆಡುವವರೂ ನೆರೆಯಲ್ಲಿದ್ದಾರೆ. ಒಂದಕ್ಷರ ಓದದ ಮುದುಕಿ ನೆರೆಯವರೊಡನೆ ಕನ್ನಡದಲ್ಲಿ ಜಗಳವಾಡಿ, ಸೊಸೆಯೊಡನೆ ಉರ್ದುವಿನಲ್ಲಿ ನಗುತ್ತಾಳೆ. ಆಕೆ ಹೆಡ್ಡಳಲ್ಲ. ಅರುವತ್ತು ವರ್ಷಗಳಿಂದ ತನ್ನ ಹಗೇವನ್ನು ತುಂಬುತ್ತಲೇ ಬಂದವಳು. ಆಲೂಗಡ್ಡೆ ಮೂಟೆಯ ತೂಕ, ಧಾರಣೆ, ಕೂಲಿ ಮೂರನ್ನೂ ಮನಸ್ಸಿನಲ್ಲೇ ಗುಣಿಸುತ್ತಿದ್ದ ಹಾಸನದ ವ್ಯಾಪಾರಿಯೂ, ಯಾವ ತೆಂಗಿನ ಮರ ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತೆಂದು ಹೇಳಬಲ್ಲ ಚನ್ನರಾಯಪಟ್ಟಣದ ತೋಟದವರೂ ಹಾಗೆಯೇ.

ಇಳಿವಯಸ್ಸಿನಲ್ಲೂ ಅಭ್ಯಾಸ ಬಿಡದವರ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿದ ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ತೊಂಭತ್ತು ದಾಟಿದ ಮೇಲೂ ಅವರು ವೇದಿಕೆಯಲ್ಲಿ ಕುಳಿತು ಹಾಡುತ್ತಿದ್ದರು, ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಒಬ್ಬರ ಬದುಕು ವಿಜ್ಞಾನದ ಪುರಾವೆಯಾಗದು. ಆದರೆ ಕಲಿಸುವವನು ತಾನೂ ಕಲಿಯುತ್ತಲೇ ಇರುತ್ತಾನೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ಹಳ್ಳಿಗರ ಮೆದುಳಿನ ಬಗ್ಗೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಇದನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷಗಳ ಕಾಲ ಪರೀಕ್ಷಿಸುವುದು ಅದರ ಗುರಿ. ರಾಗಿ ಬೆಳೆಯುವ, ಕನ್ನಡ ತೆಲುಗು ಎರಡೂ ಆಡುವ ಜನರಿಂದ ದೊರಕುವ ಆ ತಿಳುವಳಿಕೆ ಅಮೇರಿಕದ ಅಂಕಿಗಳಿಗಿಂತ ನಮಗೆ ಹೆಚ್ಚು ಹತ್ತಿರದ್ದಾಗಿರುತ್ತದೆ.

ಗೌರವದ ಹೆಸರಲ್ಲಿ ನಡೆಯುವ ಅನ್ಯಾಯ

ಓದುಗರೇ, ಈಗ ನಮ್ಮ ಮನೆಗಳ ಕಡೆ ಕಣ್ಣು ಹಾಯಿಸೋಣ. ಮಗ ದುಡಿಯಲಾರಂಭಿಸಿದೊಡನೆ ತಂದೆಗೆ ಏನು ಹೇಳುತ್ತಾನೆ? ‘ಅಬ್ಬಾ, ಇನ್ನು ನೀವು ಏನೂ ಮಾಡಬೇಡಿ, ಹಾಯಾಗಿ ಕೂತಿರಿ’ ಎನ್ನುತ್ತಾನೆ. ಸೊಸೆ ಅತ್ತೆಯ ಕೈಯಿಂದ ಸೌಟನ್ನು ತೆಗೆದುಕೊಳ್ಳುತ್ತಾಳೆ. ಅಂಗಡಿಯ ಲೆಕ್ಕ ಕೈ ತಪ್ಪುತ್ತದೆ. ಮದುವೆಯ ಮಾತುಕತೆಗೆ ಅವರನ್ನು ಕರೆಯುವುದು ಕೊನೆಗೆ, ಅದೂ ಶಾಸ್ತ್ರಕ್ಕೆ. ನಮ್ಮ ಉದ್ದೇಶ ಗೌರವವೇ ಇರಬಹುದು. ಆದರೆ ಪರಿಣಾಮವೇನು? ನಿನ್ನೆಯವರೆಗೆ ಹತ್ತು ಜನರೊಡನೆ ಮಾತಾಡಿ, ಹತ್ತು ವಿಷಯ ನಿರ್ಧರಿಸುತ್ತಿದ್ದ ಮನುಷ್ಯ ಟಿ.ವಿ. ಎದುರಿನ ಕುರ್ಚಿಗೆ ಸೀಮಿತನಾಗುತ್ತಾನೆ. ಕೂಡಿಟ್ಟ ಹಗೇವಿಗೆ ಹೊಸ ಕಾಳು ಬೀಳುವುದು ನಿಂತು ಹೋಗುತ್ತದೆ.

ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ಗಮನಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಓದು, ಚದುರಂಗದಂತಹ ಆಟ, ವಾದ್ಯ ನುಡಿಸುವುದು ಇತ್ಯಾದಿಗಳಲ್ಲಿ ತೊಡಗಿದ್ದವರಿಗೆ ಡಿಮೆನ್ಷಿಯಾ ಕಡಿಮೆ ಬಂದಿತ್ತು. ಕಾಯಿಲೆಯ ಮೊದಲ ಹೆಜ್ಜೆಯಲ್ಲಿರುವವರು ತಾವಾಗಿಯೇ ಇವನ್ನು ಬಿಟ್ಟಿರಲೂಬಹುದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೆ ಹಿರಿಯರನ್ನು ಸುಮ್ಮನೆ ಕೂರಿಸುವುದರಿಂದ ನೆನಪು ಉಳಿಯಿತೆಂದು ಯಾರೂ ತೋರಿಸಿಕೊಟ್ಟಿಲ್ಲ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ಎಡೆಮಾಡುವ, ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಾಲ್ಯದಲ್ಲಿ ಶಿಕ್ಷಣದ ಕೊರತೆ, ಕಿವಿ ಮಂದವಾಗುವುದು, ಕಣ್ಣಿನ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಮದ್ಯಪಾನ, ವ್ಯಾಯಾಮವಿಲ್ಲದಿರುವುದು, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ ಇವೇ ಆ ಹದಿನಾಲ್ಕು. ಇವೆಲ್ಲವನ್ನೂ ತಡೆಯಲಾದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದೆಂದು ಅದು ಹೇಳಿತು.

ಇವುಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಿ. ಮೊದಲನೆಯದು ಕಿವಿ. ಕೇಳಿಸದವನು ಮಾತಿನಿಂದ ಹಿಂದೆ ಸರಿಯುತ್ತಾನೆ. ನಾವು ಅದನ್ನೇ ಮರೆವೆಂದು ತಿಳಿಯುತ್ತೇವೆ. ಅಮೇರಿಕದಲ್ಲಿ 977 ವೃದ್ಧರ ಮೇಲೆ ಮೂರು ವರ್ಷ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶ್ರವಣ ಯಂತ್ರದಿಂದ ಎಲ್ಲರಿಗೂ ಲಾಭ ಕಂಡುಬರಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಯ ಇಳಿತ ಸುಮಾರು ಅರ್ಧದಷ್ಟು ನಿಧಾನವಾಯಿತು. ಕಿವಿ ಪರೀಕ್ಷೆ ಮಾಡಿಸುವುದನ್ನು ಇನ್ನೂ ಮುಂದೂಡುತ್ತೀರಾ?

ಎರಡನೆಯದು ಬಾಲ್ಯದ ಶಿಕ್ಷಣ. ಏಳೋ ಎಂಟನೆಯದೋ ತರಗತಿಗೆ ಮಗಳನ್ನು ಶಾಲೆಯಿಂದ ಬಿಡಿಸುವ ತಂದೆ ಅವಳ ಉದ್ಯೋಗದ ಬಗ್ಗೆ ಮಾತ್ರ ಯೋಚಿಸಿರುತ್ತಾನೆ. ಆದರೆ ಅವಳು ಎಪ್ಪತ್ತು ವರ್ಷದವಳಾದಾಗ ಆಸರೆಯಾಗಬೇಕಾದ ಬುದ್ಧಿಯ ಮೀಸಲಿನಿಂದಲೂ ಅವನು ಅಂದೇ ಒಂದು ಪಾಲು ಕಿತ್ತುಕೊಂಡಿರುತ್ತಾನೆ. ಹೆಣ್ಣುಮಕ್ಕಳ ಓದನ್ನು ಹಗುರವಾಗಿ ಕಾಣುವವರು ಇದನ್ನು ನೆನಪಿಡಬೇಕು.

ವೈದ್ಯರ ಬಳಿಗೆ ಯಾವಾಗ?

ಮರೆವೆಲ್ಲವೂ ಆಲ್ಝೈಮರ್ ಎಂದು ಹೆದರುವುದೂ ತಪ್ಪು. ಥೈರಾಯ್ಡ್ ದೋಷ, ಬಿ-12 ಜೀವಸತ್ತ್ವದ ಕೊರತೆ, ಖಿನ್ನತೆ, ನಿದ್ರಾಹೀನತೆ, ಕೆಲವು ಔಷಧಿಗಳ ಅಡ್ಡ ಪರಿಣಾಮ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿರುವುದು ಇವೆಲ್ಲವೂ ಮರೆವನ್ನು ತರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ಚಿಕಿತ್ಸೆಯಿದೆ. ಪತ್ನಿ ಅಥವಾ ಪತಿಯ ಮರಣದ ನಂತರ ಮಂಕಾದವರಿಗೆ ಮರೆವಿನ ರೋಗವಲ್ಲ, ದುಃಖದ ರೋಗವಿರಬಹುದು.

ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಹಲವು ಸಲ ಕೇಳುವುದು, ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಕೆಡುವುದು, ದಿನವೂ ಮಾಡುತ್ತಿದ್ದ ಅಡುಗೆಯ ಕ್ರಮ ಮರೆಯುವುದು, ಶಾಂತ ಸ್ವಭಾವದವರು ವಿನಾ ಕಾರಣ ಸಂಶಯಪಡುವುದು ಇವು ಕಂಡರೆ ತಡ ಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ಬದಲಾವಣೆ ಒಂದೆರಡು ದಿನದಲ್ಲೇ ಆಗಿದ್ದರೆ ಅಂದೇ ಹೋಗಿರಿ. ಹಾಸನದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿವೆ. ಹಿರಿಯರ ಯಾವುದೇ ತೊಂದರೆಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಹದೀಸ್ ವಿದ್ವಾಂಸರು ಕಲಿಸಿದ ಪಾಠ

ಮುಪ್ಪಿನ ಮರೆವನ್ನು ಹೇಗೆ ಕಾಣಬೇಕೆಂಬ ವಿಷಯದಲ್ಲಿ ನಮ್ಮ ಪೂರ್ವಿಕ ವಿದ್ವಾಂಸರು ಸಾವಿರ ವರ್ಷಗಳ ಹಿಂದೆಯೇ ದಾರಿ ತೋರಿದ್ದಾರೆ. ಹದೀಸ್ ವರದಿಗಾರರ ಪೈಕಿ ಕೆಲವರಿಗೆ ಇಳಿವಯಸ್ಸಿನಲ್ಲಿ ನೆನಪು ಕೆಟ್ಟಿತು. ಇದಕ್ಕೆ ವಿದ್ವಾಂಸರು ‘ಇಖ್ತಿಲಾತ್’ ಎಂದು ಹೆಸರಿಟ್ಟರು. ಅವರು ಮಾಡಿದ್ದೇನು? ಆ ವೃದ್ಧರನ್ನು ಸುಳ್ಳುಗಾರರೆಂದು ನಿಂದಿಸಲಿಲ್ಲ. ಅವರ ಜೀವಮಾನದ ಕೆಲಸವನ್ನು ಎಸೆಯಲೂ ಇಲ್ಲ. ಯಾರು ಮೊದಲು ಕೇಳಿದರು, ಯಾರು ನಂತರ ಕೇಳಿದರು ಎಂದು ವಿಚಾರಿಸಿ ಬೇರ್ಪಡಿಸಿದರು. ಕೂಫಾದ ಅತಾ ಬಿನ್ ಸಾಇಬ್‌ರಿಂದ ಶುಅಬಾ, ಸುಫ್ಯಾನ್ ಸೌರಿಯಂತಹವರು ಮೊದಲೇ ಕೇಳಿದ್ದು ಸ್ವೀಕೃತವಾಯಿತು. ನೆನಪು ಕೆಟ್ಟ ಮೇಲೆ ಕೇಳಿದವರ ವರದಿಗಳನ್ನು ಬದಿಗಿರಿಸಲಾಯಿತು. ಯಮನಿನ ಅಬ್ದುರ್ರಝ್ಝಾಕ್ (ಮರಣ ಹಿ. 211) ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡ ಮೇಲಿನ ವರದಿಗಳನ್ನು ಎಚ್ಚರಿಕೆಯಿಂದ ನೋಡಿದರು. ಆದರೆ ಅವರ ಗ್ರಂಥವನ್ನು ಇಂದಿಗೂ ಓದಲಾಗುತ್ತಿದೆ.

ಬಸ್ರಾದ ಜರೀರ್ ಬಿನ್ ಹಾಝಿಮ್‌ರ (ಮರಣ ಹಿ. 170) ಮಕ್ಕಳ ವಿಚಾರ ಇನ್ನೂ ಹೃದಯಸ್ಪರ್ಶಿ. ತಂದೆಯ ನೆನಪು ಕೆಡುತ್ತಿರುವುದು ಗೊತ್ತಾದೊಡನೆ ಅವರು ತಂದೆಯನ್ನು ಪಾಠದ ಸಭೆಯಿಂದ ದೂರವಿರಿಸಿದರು. ಹೀಗಾಗಿ ಆ ಸ್ಥಿತಿಯಲ್ಲಿ ಯಾರೂ ಅವರಿಂದ ಹದೀಸ್ ಕೇಳಲಿಲ್ಲ. ತಂದೆಯ ಮಾನವೂ ಉಳಿಯಿತು, ವಿದ್ಯೆಯೂ ಉಳಿಯಿತು. ಇದನ್ನು ಮಾಡಲು ಮಕ್ಕಳಿಗೆ ತಂದೆಯ ಬಳಿ ಕುಳಿತು ಗಮನಿಸುವ ಅಭ್ಯಾಸವಿರಬೇಕು. ನಮಗಿದೆಯೇ?

ಇದಕ್ಕೆ ತದ್ವಿರುದ್ಧವಾದ ನಡತೆಯೂ ನಮ್ಮ ನಡುವೆ ಇದೆ. ತಂದೆಯ ನೆನಪು ಕೆಟ್ಟಿರುವುದನ್ನು ಮೊದಲು ಕಂಡುಹಿಡಿಯುವ ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಬದಲು ನೋಂದಣಿ ಕಚೇರಿಗೆ ಕರೆದೊಯ್ಯುತ್ತಾನೆ. ಏನೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಸೋದರಿಯರ ಪಾಲನ್ನು ನುಂಗುತ್ತಾನೆ. ಸಾಲದ ದಾಖಲೆಯ ಬಗ್ಗೆ ಹೇಳುವ ಸೂರಃ ಅಲ್ ಬಕರಃದ 282ನೇ ಸೂಕ್ತವು, ಬುದ್ಧಿ ದುರ್ಬಲವಾದವನ ಅಥವಾ ಹೇಳಿ ಬರೆಸಲಾರದವನ ಪರವಾಗಿ ಅವನ ಪೋಷಕನು ನ್ಯಾಯದಿಂದ ಬರೆಸಬೇಕೆಂದು ವಿಧಿಸುತ್ತದೆ. ಅದೇ ಸೂಕ್ತದಲ್ಲಿ ಸಾಕ್ಷಿಯ ಮರೆವಿನ ಪ್ರಸ್ತಾಪವೂ ಇದೆ. ನಮ್ಮ ದೇಶದ ಕಾನೂನೂ ಸ್ವಸ್ಥ ಬುದ್ಧಿ ಇಲ್ಲದಾಗ ಮಾಡಿಸಿದ ಕರಾರನ್ನು ಮಾನ್ಯ ಮಾಡುವುದಿಲ್ಲ. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯರಿಂದ ಆಸ್ತಿ ಪಡೆದು ಮಾತಿಗೆ ತಪ್ಪಿದವರ ಪತ್ರವನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯಿದೆ ಅವಕಾಶ ಕೊಟ್ಟಿದೆ. ಆದ್ದರಿಂದ ಆಸ್ತಿಯ ವಿಲೇವಾರಿ, ಸಾಲ, ಅಮಾನತ್ತುಗಳ ವಿವರವನ್ನು ಹಿರಿಯರು ಸ್ವಸ್ಥರಾಗಿರುವಾಗಲೇ, ಎಲ್ಲ ಮಕ್ಕಳ ಎದುರಿನಲ್ಲೇ ಬರೆಸಿಡುವುದು ಉತ್ತಮ.

ಇಂದಿನಿಂದಲೇ ಮಾಡಬಹುದಾದವು

1. ಮನೆಯ ಹಿರಿಯರಿಗೆ ಅವರು ಬಲ್ಲ ಒಂದು ಕೆಲಸವನ್ನು ಮರಳಿ ಒಪ್ಪಿಸಿರಿ. ಹಾಲಿನ ಲೆಕ್ಕವಾಗಲಿ, ತೋಟದ ನೀರಾಗಲಿ, ಮೊಮ್ಮಕ್ಕಳ ಪಾಠವಾಗಲಿ. ತಪ್ಪಾದರೆ ಗದರಿಸದೆ ಜೊತೆಗೂಡಿ ಸರಿಪಡಿಸಿರಿ.

2. ಕಿವಿ ಮತ್ತು ಕಣ್ಣು ಪರೀಕ್ಷೆ ಮಾಡಿಸಿರಿ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಬೀಡಿ, ಸಿಗರೇಟು ಬಿಡಿಸಿರಿ.

3. ದಿನವೂ ನಡೆಯಲು ಜೊತೆಗಾರರಿರಲಿ. ಮಸೀದಿಗೆ ನಡೆದು ಹೋಗಿ, ನಾಲ್ಕು ಜನರ ಕ್ಷೇಮ ವಿಚಾರಿಸಿ ಬರುವವರಿಗೆ ಕಾಲಿಗೂ ನಾಲಗೆಗೂ ಕೆಲಸ ಸಿಗುತ್ತದೆ.

4. ಹೊಸದೊಂದನ್ನು ಕಲಿಯಲು ಪ್ರೋತ್ಸಾಹಿಸಿರಿ. ಕನ್ನಡದ ಅಕ್ಷರಗಳನ್ನಾಗಲಿ, ಒಂದು ಚಿಕ್ಕ ಅಧ್ಯಾಯದ ಕಂಠಪಾಠವನ್ನಾಗಲಿ ಮೊಮ್ಮಗಳಿಂದಲೇ ಕಲಿಯಲಿ. ಅರ್ಥ ತಿಳಿದು ಕಲಿತರೆ ಇನ್ನೂ ಒಳ್ಳೆಯದು.

5. ಮನೆಮಾತನ್ನು ಬಿಡಬೇಡಿ. ಉರ್ದು ಇರಲಿ, ಬ್ಯಾರಿ ಇರಲಿ, ಕನ್ನಡದೊಂದಿಗೆ ಅದೂ ಮಕ್ಕಳ ಬಾಯಲ್ಲಿ ಉಳಿಯಲಿ.

ಇಷ್ಟೆಲ್ಲ ಮಾಡಿದರೂ ಕೆಲವರ ನೆನಪು ಕೆಡುತ್ತದೆ. ಅದು ಅವರ ಪಾಪದ ಫಲವಲ್ಲ, ನಿಮ್ಮ ಸೇವೆಯ ಸೋಲೂ ಅಲ್ಲ. ಮನುಷ್ಯರಲ್ಲಿ ಕೆಲವರು ತಿಳಿದುದೆಲ್ಲವನ್ನೂ ಮರೆಯುವ ವಯಸ್ಸಿಗೆ ತಲಪುತ್ತಾರೆಂದು ಪವಿತ್ರ ಕುರ್‌ಆನ್ ಸೂರಃ ಅನ್ನಹ್ಲ್‌ನಲ್ಲಿ ಮೊದಲೇ ತಿಳಿಸಿದೆ. ಮುಪ್ಪಿಗೆ ತಲಪಿದ ಮಾತಾಪಿತರಿಗೆ ‘ಛೆ’ ಎಂದೂ ಹೇಳಬಾರದೆಂಬ ಆದೇಶ ಸೂರಃ ಬನೀ ಇಸ್ರಾಈಲ್‌ನಲ್ಲಿದೆ. ಕೇಳಿದ್ದನ್ನೇ ಹತ್ತನೆಯ ಸಲ ಕೇಳುವ ತಾಯಿಯ ಮುಂದೆಯೇ ಆ ಆದೇಶದ ನಿಜವಾದ ಪರೀಕ್ಷೆ ನಡೆಯುತ್ತದೆ. ನಾವು ಮಾತು ಕಲಿಯುವಾಗ ಅದೇ ಪ್ರಶ್ನೆಯನ್ನು ನೂರು ಸಲ ಕೇಳಿದ್ದೆವು, ಆಕೆ ನೂರು ಸಲವೂ ಉತ್ತರಿಸಿದ್ದಳು. ಆ ಋಣವನ್ನು ತಾಳ್ಮೆಯಿಂದ ತೀರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.